‘ಅಪ್ಪ ಊರಲ್ಲಿಲ್ಲವಲ್ಲ’

ಪ್ರಶ್ನೆ: ನಾವು ಕೊಪ್ಪಳದವರು. ಮಗನಿಗೆ ನಾಲ್ಕೂವರೆ ವರ್ಷ. ಯಜಮಾನರು ತೋರಣಗಲ್ಲಿನ ಕಡೆ ಕಾರ್ಖಾನೆಯೊಂದರಲ್ಲಿ ಪಾಳಿ ಕೆಲಸದಲ್ಲಿದ್ದಾರೆ, ವಾರಕ್ಕೊಮ್ಮೆ ಮನೆಗೆ ಬರುತ್ತಾರೆ. ಅವರಿದ್ದ ದಿನ ನಮ್ಮ ಹುಡುಗನಷ್ಟು ಜಾಣ ಓಣಿಯಲ್ಲೇ ಇಲ್ಲ. ಅವರು ರೈಲು ಹತ್ತಿದರೆ ಮುಗಿಯಿತು, ನನ್ನ ಮಾತಿಗೆ ಕವಡೆ ಕಿಮ್ಮತ್ತಿಲ್ಲ. ‘ಅಪ್ಪ ಬರಲಿ, ಹೇಳುತ್ತೇನೆ’ ಎಂದರೆ ಒಂದು ಗಳಿಗೆ ಸುಮ್ಮನಾಗುತ್ತಾನೆ, ಅಷ್ಟೇ. ಪಂಚಮಿಗೆ ಮಾಡಿದ್ದ ಶೇಂಗಾ ಉಂಡಿಯ ಡಬ್ಬಿ ಮುಟ್ಟಬೇಡ ಎಂದಿದ್ದೆ. ಜೋಳದ ಚೀಲ ಹತ್ತಿ ನಿಂತು ಅದಕ್ಕೇ ಕೈ ಹಾಕಿದ್ದ. ಗದರಿದರೆ, ‘ಅಪ್ಪ ಊರಲ್ಲಿಲ್ಲವಲ್ಲ’ ಎಂದ. ಸಿಟ್ಟು ತಡೆಯದೆ ಹೊಡೆದೆ. ರಾತ್ರಿ ಕುಳಿತು ಅತ್ತುಬಿಟ್ಟೆ. ನನ್ನ ಹಿಡಿತ ಸಡಿಲ ಎಂದು ಅತ್ತೆಯವರು ಹೇಳುತ್ತಾರೆ. ಮುಂದಿನ ವರ್ಷ ವಸತಿ ಶಾಲೆಗೆ ಹಾಕೋಣ ಎನ್ನುತ್ತಾರೆ ಯಜಮಾನರು. ಹಟವೂ ಬಹಳ. ಗವಿಮಠದ ಜಾತ್ರೆಯಲ್ಲಿ ಕಿನ್ನಾಳದ ಮರದ ಆಟಿಕೆ ಕುದುರೆ ಕೊಡಿಸುತ್ತೇನೆ ಎಂದಿದ್ದೆ, ಆ ಗದ್ದಲದಲ್ಲಿ ಆಗಲಿಲ್ಲ. ಇವತ್ತಿಗೂ ಅದನ್ನೇ ಕೇಳುತ್ತಾನೆ. ನಾನೂ ಅವರಂತೆ ಬಿಗಿಯಾಗಬೇಕೇ?

ಉತ್ತರ: ತಂಗೀ, ನಿಮ್ಮ ಮಗ ಉದ್ಧಟತನ ಮಾಡಲಿಲ್ಲ. ತನಗೆ ಗೊತ್ತಿದ್ದ ಸತ್ಯವನ್ನು ಹೇಳಿದ. ಅವನ ತಿಳಿವಳಿಕೆಯಲ್ಲಿ ಉಂಡಿ ಡಬ್ಬಿಗೆ ನಿಯಮವೆಂಬುದಿಲ್ಲ, ಅಪ್ಪನಿಗೆ ಇದೆ. ಅಪ್ಪ ರೈಲು ಹತ್ತಿದಾಗ ನಿಯಮವೂ ಅವರ ಜೊತೆ ತೋರಣಗಲ್ಲಿಗೆ ಹೋಗುತ್ತದೆ. ಈ ಪಾಠವನ್ನು ಅವನಿಗೆ ದಿನವೂ ಹೇಳಿಕೊಟ್ಟದ್ದು ‘ಅಪ್ಪ ಬರಲಿ’ ಎಂಬ ನಿಮ್ಮ ಮಾತೇ. ಕಟುವಾಗಿ ಕೇಳಿಸಿದರೆ ಕ್ಷಮಿಸಿ. ಒಬ್ಬರೇ ಮನೆ ತೂಗಿಸುವ ತಾಯಿಗೆ ಅದಕ್ಕಿಂತ ಹತ್ತಿರದ ಆಸರೆ ಸಿಗುವುದಿಲ್ಲ ಎಂಬುದೂ ನನಗೆ ಗೊತ್ತು.

ಅಮೆರಿಕದ ಅಯೋವಾ ವಿಶ್ವವಿದ್ಯಾಲಯದಲ್ಲಿ ಗ್ರಾಜೀನಾ ಕೊಚಾನ್‌ಸ್ಕಾ ಎಂಬ ಮನಶ್ಶಾಸ್ತ್ರಜ್ಞೆ ಪುಟ್ಟ ಮಕ್ಕಳನ್ನೂ ತಾಯಂದಿರನ್ನೂ ವರ್ಷಗಟ್ಟಲೆ ಗಮನಿಸಿದರು. ಚೆಂದದ ಆಟಿಕೆಗಳನ್ನು ಎದುರಿಗಿಟ್ಟು ‘ಮುಟ್ಟಬೇಡ’ ಎಂದು ಹೇಳಿ, ಮಗುವನ್ನು ಒಂಟಿಯಾಗಿ ಬಿಟ್ಟು ನೋಡುವುದು ಅವರ ಒಂದು ವಿಧಾನ. ನಿಮ್ಮ ಉಂಡಿ ಡಬ್ಬಿಯದೇ ಕಥೆ. ಮಾತು ಕೇಳುವುದರಲ್ಲಿ ಎರಡು ಬಗೆ ಇದೆಯೆಂದು ಅವರು ಗುರುತಿಸಿದರು. ಒಂದು, ದೊಡ್ಡವರು ನೋಡುತ್ತಿರುವ ತನಕ ಕೇಳುವುದು. ಇನ್ನೊಂದು, ಆ ಮಾತನ್ನು ತನ್ನದೇ ಮಾಡಿಕೊಂಡು ಮನಸಾರೆ ಕೇಳುವುದು. ಎರಡನೆಯ ಬಗೆಯ ಮಕ್ಕಳೇ ಯಾರೂ ಇಲ್ಲದಾಗಲೂ ಹೆಚ್ಚಾಗಿ ಕೈ ತಡೆದುಕೊಂಡರು. ತಾಯಿ ಮಗು ಒಬ್ಬರ ಕರೆಗೆ ಒಬ್ಬರು ಓಗೊಡುವ, ಕೂಡಿ ನಗುವ ನಂಟು ಇದ್ದಲ್ಲಿ ಈ ಬಗೆ ಹೆಚ್ಚು ಕಂಡಿತು.

ನಿಮ್ಮ ಪತ್ರ ಓದುವಾಗ ಅವರ ಇನ್ನೊಂದು ಮಾತು ನೆನಪಾಯಿತು. ಸ್ವಭಾವತಃ ಅಂಜುಬುರುಕ ಮಗುವಿಗೆ ಮೆದುವಾಗಿ ಹೇಳಿದರೂ ನಾಟುತ್ತದೆ. ಎದೆಗಾರ ಮಗುವಿಗೆ ಹೆದರಿಕೆಯಿಂದ ಅಂತಹ ಪ್ರಯೋಜನವಿಲ್ಲ, ಅದನ್ನು ಹಿಡಿದು ನಿಲ್ಲಿಸುವುದು ತಾಯಿಯ ಮೇಲಿನ ನೆಚ್ಚಿಕೆ. ಚೀಲ ಹತ್ತಿ ನಿಂತು, ಸಿಕ್ಕಿಬಿದ್ದ ಮೇಲೂ ಕಣ್ಣಲ್ಲಿ ಕಣ್ಣಿಟ್ಟು ಉತ್ತರ ಕೊಡುವ ಹುಡುಗ ಯಾವ ಬಗೆಯವನು, ನೀವೇ ಹೇಳಿ. ನೀವು ಎಷ್ಟು ಬಿಗಿಯಾದರೂ ಅವನ ಮನೆಯಲ್ಲಿ ಇನ್ನೊಬ್ಬ ಕಾವಲುಗಾರ ಹೆಚ್ಚಾಗುತ್ತಾನೆ, ಅಷ್ಟೇ. ಕಾವಲು ತಪ್ಪಿದ ಗಳಿಗೆಗೆ ಅವನು ಕಾಯುತ್ತಾನೆ.

ಹಾಗೆಂದು ಎಲ್ಲದಕ್ಕೂ ‘ಹ್ಞೂಂ’ ಎನ್ನಬೇಡಿ. ನಿಯಮ ಎರಡೋ ಮೂರೋ ಇರಲಿ, ಆದರೆ ಅವು ನಿಮ್ಮವೇ ಆಗಿರಲಿ. ‘ಊಟವಾದ ಮೇಲೆ ಒಂದು ಉಂಡಿ. ಇದು ನಮ್ಮ ಮನೆಯ ಪದ್ಧತಿ. ಅಪ್ಪ ಇದ್ದರೂ ಅಷ್ಟೇ, ಇಲ್ಲದಿದ್ದರೂ ಅಷ್ಟೇ.’ ಡಬ್ಬಿಯ ಮುಚ್ಚಳ ತೆಗೆದು ಎಣಿಸಿ ಕೊಡುವ ಕೆಲಸ ಅವನದಾಗಲಿ: ಅಜ್ಜಿಗೊಂದು, ಅವ್ವನಿಗೊಂದು, ತನಗೊಂದು. ಚಿಕ್ಕ ಮಕ್ಕಳಿಗೆ ‘ಮಾಡಬೇಡ’ ಎಂದದ್ದನ್ನು ಬಿಡುವುದಕ್ಕಿಂತ ‘ಮಾಡು’ ಎಂದದ್ದನ್ನು ಕೊನೆಯವರೆಗೆ ಮಾಡುವುದು ಹೆಚ್ಚು ಕಷ್ಟ. ಆದ್ದರಿಂದ ಆಟಿಕೆ ಎತ್ತಿಡು ಎಂದು ಅಡುಗೆ ಮನೆಯಿಂದ ಕೂಗಬೇಡಿ. ಪಕ್ಕದಲ್ಲಿ ಕುಳಿತು ನೀವೊಂದು ಎತ್ತಿ, ಅವನೊಂದು ಎತ್ತಲಿ. ದಿನಕ್ಕೆ ಹದಿನೈದು ನಿಮಿಷ ಮೊಬೈಲ್ ಬದಿಗಿಟ್ಟು, ಅವನು ಹೇಳಿದ ಆಟವನ್ನು ಅವನು ಹೇಳಿದ ಹಾಗೆ ಆಡಿ.

ಮೊದಲ ಕೆಲವು ವಾರ ಅವನ ರಗಳೆ ಹೆಚ್ಚಾಗಬಹುದು. ಅಪ್ಪನ ಹೆಸರು ಹೇಳದ ಅವ್ವನ ಮಾತು ಎಷ್ಟು ಗಟ್ಟಿ ಎಂದು ತಟ್ಟಿ ನೋಡುತ್ತಾನೆ. ಅಂಜಬೇಡಿ. ಆಸೆಗೆ ಕಡಿವಾಣ ಹಾಕುವ ಮಿದುಳಿನ ಭಾಗ ಪೂರ್ತಿ ಬಲಿಯುವುದೇ ಇಪ್ಪತ್ತು ದಾಟಿದ ಮೇಲೆ. ಕೈ ಎತ್ತಿದ್ದಕ್ಕೆ ಅವನೆದುರು ಕುಳಿತು ‘ಹೊಡೆದದ್ದು ನನ್ನ ತಪ್ಪು’ ಎಂದು ಹೇಳಿ. ಅದರಿಂದ ನಿಮ್ಮ ಹಿರಿತನ ಕುಗ್ಗುವುದಿಲ್ಲ. ಯಜಮಾನರಿಗೂ ಒಂದು ಮಾತು: ವಾರದ ರಜೆಯ ದಿನ ಮನೆಗೆ ಬಂದವರು ದೂರುಗಳ ಪಟ್ಟಿ ಕೇಳಿ ತೀರ್ಪು ಕೊಡುವವರಾಗಬೇಡಿ. ಮಗ ಬಾಗಿಲಲ್ಲಿ ಕಾಯಬೇಕಾದದ್ದು ಅಪ್ಪನಿಗಾಗಿ. ಇನ್ನು ವಸತಿ ಶಾಲೆಯ ವಿಚಾರ, ಐದು ವರ್ಷದ ಮಗುವಿಗೆ ಖಂಡಿತ ಬೇಡ.

ಕೊನೆಗೆ ಆ ಕುದುರೆ. ನೀವು ಅದನ್ನು ಹಟದ ಲೆಕ್ಕಕ್ಕೆ ಸೇರಿಸಿದ್ದೀರಿ. ನಾನು ಸೇರಿಸುವುದಿಲ್ಲ. ರೋಚೆಸ್ಟರ್ ವಿಶ್ವವಿದ್ಯಾಲಯದವರು 2013ರಲ್ಲಿ ಪ್ರಕಟಿಸಿದ ಒಂದು ಸಣ್ಣ ಪ್ರಯೋಗದಲ್ಲಿ ಮೂರರಿಂದ ಐದು ವರ್ಷದ 28 ಮಕ್ಕಳಿದ್ದರು. ಚಿತ್ರ ಬಿಡಿಸಲು ಒಳ್ಳೆಯ ಸಾಮಾನು ತರುತ್ತೇವೆ ಎಂದು ಎಲ್ಲರಿಗೂ ಹೇಳಿದರು. ಅರ್ಧ ಮಕ್ಕಳಿಗೆ ತಂದುಕೊಟ್ಟರು, ಉಳಿದವರ ಬಳಿಗೆ ಬರಿಗೈಯಲ್ಲಿ ಬಂದರು. ಆಮೇಲೆ ಒಂದು ಮಿಠಾಯಿ ಎದುರಿಗಿಟ್ಟು, ಹದಿನೈದು ನಿಮಿಷ ಕಾದರೆ ಎರಡು ಎಂದರು. ಮಾತು ಉಳಿಸಿಕೊಂಡವರ ಮುಂದೆ ಮಕ್ಕಳು ಸರಾಸರಿ ಹನ್ನೆರಡು ನಿಮಿಷ ಕಾದರು. ಮಾತು ತಪ್ಪಿದವರ ಮುಂದೆ ಬರೀ ಮೂರು. ದೊಡ್ಡವರ ಮಾತು ನಡೆಯುತ್ತದೆ ಎಂಬ ಭರವಸೆ ಇಲ್ಲದಿದ್ದರೆ ಮಗು ಯಾತಕ್ಕೆ ಕಾಯಬೇಕು?

ನಿಮ್ಮ ಮಗ ಜನವರಿಯಿಂದ ಕಾಯುತ್ತಿದ್ದಾನೆ. ತಾಳ್ಮೆಯಿಲ್ಲದ ಹುಡುಗ ಎಂದು ಅವನನ್ನು ನಾನು ಹೇಗೆ ಕರೆಯಲಿ? ಕಿನ್ನಾಳ ನಿಮ್ಮ ಊರಿನ ಪಕ್ಕದಲ್ಲೇ ಇದೆ. ‘ಜಾಣನಾಗಿದ್ದರೆ’ ಎಂಬ ಷರತ್ತು ಹಾಕದೆ ಕರೆದುಕೊಂಡು ಹೋಗಿ. ಅದು ಬಹುಮಾನವಲ್ಲ, ತೀರಿಸಬೇಕಾದ ಸಾಲ. ಬಣ್ಣ ಅವನೇ ಆರಿಸಲಿ. ಯಜಮಾನರ ರಜೆಗೆ ಕಾಯಬೇಡಿ. ಮಾತು ಕೊಟ್ಟವರು ನೀವು, ನೀವೇ ಕೊಡಿಸಿ.