ನಾವಿಬ್ಬರೂ ಸಾಫ್ಟ್‌ವೇರ್ ಕೆಲಸದಲ್ಲಿದ್ದೇವೆ, ಮಗು ಈಗ ಪ್ರೀಸ್ಕೂಲಿನಲ್ಲಿದೆ. ಕ್ಯಾಲಿಫೋರ್ನಿಯಾದ ಸಾಂಟಾ ಕ್ಲಾರಾ ಕೌಂಟಿಯಲ್ಲಿ ಯಾವ ಸರ್ಕಾರಿ ಪ್ರೀಸ್ಕೂಲ್ ಬೆಸ್ಟ್? ರೇಟಿಂಗ್ ನೋಡಿ ಮನೆ ಬದಲಿಸಬೇಕಾ?

ಬೇಡ. ದಯವಿಟ್ಟು ಬದಲಿಸಬೇಡಿ. ನಾವು ಅದನ್ನೇ ಮಾಡಿ ಒಂದು ವರ್ಷ ಪೂರ್ತಿ ಒದ್ದಾಡಿದ್ದೇವೆ.

ನನ್ನ ಮಗಳು ಜನವರಿಯಲ್ಲಿ ಹುಟ್ಟಿದವಳು. 2022ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಟಿಕೆಗೆ, ಅಂದರೆ ಕಿಂಡರ್‌ಗಾರ್ಟನ್‌ಗೆ ಒಂದು ವರ್ಷ ಮುಂಚೆ ಸರ್ಕಾರಿ ಶಾಲೆಯಲ್ಲಿ ನಡೆಯುವ ಟ್ರಾನ್ಸಿಷನಲ್ ಕಿಂಡರ್‌ಗಾರ್ಟನ್ ಕ್ಲಾಸಿಗೆ, ವಯಸ್ಸಿನ ಮಿತಿ ಸಡಿಲವಾದಾಗ ಅವಳಿಗೂ ಅವಕಾಶ ಬಂತು. ಖಾಸಗಿ ಪ್ರೀಸ್ಕೂಲಿಗೆ ಫೀಸು ಕಟ್ಟಿ ಕಟ್ಟಿ ಸಾಕಾಗಿತ್ತು. ಟಿಕೆಗೆ ಫೀಸೇ ಇಲ್ಲ. ಹತ್ತಕ್ಕೆ ಇಷ್ಟು ಎಂದು ಶಾಲೆಗಳಿಗೆ ಅಂಕ ಕೊಡುವ ವೆಬ್‌ಸೈಟ್ ತೆರೆದು ಕೂತೆವು. ಒಂಬತ್ತು ಇದ್ದ ಶಾಲೆಯ ವ್ಯಾಪ್ತಿಯಲ್ಲೇ ಬಾಡಿಗೆ ಮನೆ ಹುಡುಕಿದೆವು. ಹಳೆ ಮನೆಗಿಂತ ಚಿಕ್ಕದು, ಬಾಡಿಗೆ ಮಾತ್ರ ಜಾಸ್ತಿ. ಮಗಳ ಒಳ್ಳೆಯದಕ್ಕೆ ಅಲ್ವಾ ಅಂತ ಸಮಾಧಾನ ಮಾಡಿಕೊಂಡೆವು.

ಅರ್ಜಿ ಹಾಕಲು ಹೋದಾಗ ಗೊತ್ತಾಯಿತು, ಆ ಶಾಲೆಯಲ್ಲಿ ಟಿಕೆ ಕ್ಲಾಸೇ ಇರಲಿಲ್ಲ.

ನಾನು ಎಡವಿದ್ದು ಎಲ್ಲಿ ಅಂತ ಬಿಡಿಸಿ ಹೇಳುತ್ತೇನೆ, ನಿಮ್ಮ ಪ್ರಶ್ನೆಯಲ್ಲೂ ಅದೇ ಕಾಣುತ್ತಿದೆ. ಸ್ಕೂಲ್ ಡಿಸ್ಟ್ರಿಕ್ಟ್, ಅಂದರೆ ಒಂದು ಪ್ರದೇಶದ ಸರ್ಕಾರಿ ಶಾಲೆಗಳನ್ನು ನಡೆಸುವ ಸಂಸ್ಥೆ, ಟಿಕೆ ನಡೆಸಲೇಬೇಕು, ನಿಜ. ಆದರೆ ತನ್ನ ಪ್ರತಿಯೊಂದು ಶಾಲೆಯಲ್ಲೂ ನಡೆಸಬೇಕೆಂದಿಲ್ಲ. ಎಲ್ಲಿ ಕ್ಲಾಸ್ ಇದೆಯೋ, ಎಲ್ಲಿ ಸೀಟು ಇದೆಯೋ ಅಲ್ಲಿಗೆ ಮಗುವನ್ನು ಕಳಿಸುತ್ತಾರೆ. ಹಾಗಾಗಿ ಮನೆ ಪಕ್ಕದ ಶಾಲೆ ಎಷ್ಟೇ ಚೆನ್ನಾಗಿದ್ದರೂ ನಾಲ್ಕನೇ ವಯಸ್ಸಿಗೆ ಅದು ನಿಮ್ಮದಾಗುತ್ತದೆ ಎನ್ನುವ ಭರವಸೆ ಇಲ್ಲ. ಇನ್ನು ಆ ಒಂಬತ್ತು. ಅದು ಹೆಚ್ಚಾಗಿ ರಾಜ್ಯದ ಪರೀಕ್ಷೆಯ ಅಂಕಗಳಿಂದ ಬರುವ ಸಂಖ್ಯೆ. ಆ ಪರೀಕ್ಷೆ ಶುರುವಾಗುವುದೇ ಮೂರನೇ ಕ್ಲಾಸಿನಿಂದ. ಎಂಟು, ಒಂಬತ್ತು, ಹತ್ತು ವರ್ಷದ ಮಕ್ಕಳು ಬರೆದ ಗಣಿತ, ಇಂಗ್ಲಿಷ್ ಪರೀಕ್ಷೆ ಅದು. ನಾಲ್ಕು ವರ್ಷದವರ ಕೋಣೆಯಲ್ಲಿ ಟೀಚರ್ ಹೇಗಿದ್ದಾರೆ, ಮಗು ಅತ್ತರೆ ಯಾರು ಬರುತ್ತಾರೆ ಎನ್ನುವುದರ ಬಗ್ಗೆ ಅದರಲ್ಲಿ ಒಂದು ಅಕ್ಷರವೂ ಇಲ್ಲ. ಇಷ್ಟನ್ನು ತಿಳಿಯಲು ಡಿಸ್ಟ್ರಿಕ್ಟ್‌ನ ಎನ್‌ರೋಲ್‌ಮೆಂಟ್ ಆಫೀಸಿಗೆ ಒಂದು ಫೋನ್ ಮಾಡಿದ್ದರೆ ಸಾಕಿತ್ತು. ನಾನು ಫೋನ್ ಮಾಡುವ ಮೊದಲೇ ಬಾಡಿಗೆ ಕರಾರಿಗೆ ಸಹಿ ಹಾಕಿದ್ದೆ. ಅದನ್ನು ಮುರಿದರೆ ದಂಡ.

ಮಗಳಿಗೆ ಬೇರೆ ಶಾಲೆಯಲ್ಲಿ ಸೀಟು ಕೊಟ್ಟರು. ಊಟಕ್ಕೆ ಮುಂಚೆಯೇ ಬಿಟ್ಟುಬಿಡುವ ಅರ್ಧ ದಿನದ ಕ್ಲಾಸ್. ದಿನಕ್ಕೆ ಕನಿಷ್ಠ 3 ಗಂಟೆ ಪಾಠ ಇದ್ದರೆ ನಿಯಮಕ್ಕೆ ಸಾಕು ಎನ್ನುವುದೂ ನನಗೆ ಆಗಲೇ ತಿಳಿದದ್ದು. ಕ್ಲಾಸ್ ಬಿಟ್ಟ ಮೇಲೆ ಮಕ್ಕಳನ್ನು ನೋಡಿಕೊಳ್ಳುವ ಆಫ್ಟರ್ ಕೇರ್‌ಗೆ ವೇಟಿಂಗ್ ಲಿಸ್ಟ್. ನಾನು ಮೀಟಿಂಗ್ ಮಧ್ಯೆ ಎದ್ದು ಓಡುವುದು, ಮಗಳು ಕಾರಿನ ಹಿಂದಿನ ಸೀಟಿನಲ್ಲಿ ಮೊಸರನ್ನ ತಿನ್ನುವುದು, ಮನೆಗೆ ಬಂದು ಟ್ಯಾಬ್ಲೆಟ್ ಮುಂದೆ ಕೂರುವುದು. ಊರಿನಿಂದ ಅಮ್ಮ ಬಂದರು, ಸ್ವಲ್ಪ ಉಸಿರಾಡಿದೆವು. ವಿಸಿಟರ್ ವೀಸಾದವರು ಎಷ್ಟು ಕಾಲ ಇರುತ್ತಾರೆ? ಅವರು ಹೊರಟ ಮೇಲೆ ನಾನು ಕೆಲಸದ ಅವಧಿ ಕಡಿಮೆ ಮಾಡಿಸಿಕೊಂಡೆ. ಸಂಬಳವೂ ಕಡಿಮೆಯಾಯಿತು.

ಹಾಗಾಗಿ 'ಕೌಂಟಿಯಲ್ಲಿ ಬೆಸ್ಟ್ ಯಾವುದು' ಎನ್ನುವ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಕೌಂಟಿಯಲ್ಲಿ 30ಕ್ಕೂ ಹೆಚ್ಚು ಸ್ಕೂಲ್ ಡಿಸ್ಟ್ರಿಕ್ಟ್‌ಗಳಿವೆ, ಅವುಗಳಲ್ಲಿ ನಿಮ್ಮದು ಒಂದೇ. ಸನ್ನಿವೇಲ್ ಒಂದೇ ಊರಿನ ಮಕ್ಕಳು ವಿಳಾಸದ ಮೇಲೆ ಸನ್ನಿವೇಲ್, ಕ್ಯೂಪರ್ಟಿನೋ ಯೂನಿಯನ್, ಸಾಂಟಾ ಕ್ಲಾರಾ ಯೂನಿಫೈಡ್ ಹೀಗೆ ಬೇರೆ ಬೇರೆ ಡಿಸ್ಟ್ರಿಕ್ಟ್‌ಗಳಿಗೆ ಹೋಗುತ್ತಾರೆ. ಹೆಡ್ ಸ್ಟಾರ್ಟ್ ಅಮೆರಿಕದ ಕೇಂದ್ರ ಸರ್ಕಾರದ ಹಣದಲ್ಲಿ 1965ರಿಂದ ನಡೆಯುವ ಒಳ್ಳೆಯ ಪ್ರೀಸ್ಕೂಲ್ ಯೋಜನೆ, ಆದರೆ ಅದು ಮುಖ್ಯವಾಗಿ ಕಡಿಮೆ ಆದಾಯದ ಮನೆಗಳಿಗೆ. ರಾಜ್ಯದ ಹಣದಲ್ಲಿ ನಡೆಯುವ ಸ್ಟೇಟ್ ಪ್ರೀಸ್ಕೂಲಿಗೂ ಆದಾಯದ ಮಿತಿ ಇದೆ. ಅಲ್ಲಿ 8 ಮಕ್ಕಳಿಗೆ ಒಬ್ಬರು ದೊಡ್ಡವರು ಇರಬೇಕು. ಮಿತಿಯೊಳಗೆ ಬರುವವರು ಟಿಕೆ ಪುಕ್ಕಟೆ ಸಿಗುತ್ತದೆಂದು ಇದನ್ನು ಬಿಡಬೇಡಿ, ಎಷ್ಟೋ ಕಡೆ ಇದೇ ಮೇಲು. ನೀವಿಬ್ಬರೂ ಸಾಫ್ಟ್‌ವೇರ್ ಕೆಲಸದಲ್ಲಿದ್ದೀರಿ ಎಂದು ಬರೆದಿದ್ದೀರಿ, ಅಂದಮೇಲೆ ನಿಮಗೆ ಉಳಿಯುವುದು ಬಹುಶಃ ನಿಮ್ಮ ಡಿಸ್ಟ್ರಿಕ್ಟ್‌ನ ಟಿಕೆ ಒಂದೇ. 2025-26ರಿಂದ ಸೆಪ್ಟೆಂಬರ್ 1ರೊಳಗೆ 4 ವರ್ಷ ತುಂಬುವ ಎಲ್ಲ ಮಕ್ಕಳಿಗೂ ಅದು ಇದೆ.

ಮಗು ಮಾತಾಡುವುದು ತಡವಾಗಿದ್ದರೆ ವಿಷಯ ಬೇರೆ. 3 ವರ್ಷ ತುಂಬಿದ ಮಗುವನ್ನು ಡಿಸ್ಟ್ರಿಕ್ಟ್ ಉಚಿತವಾಗಿ ಪರೀಕ್ಷಿಸಬೇಕು, ಅಗತ್ಯ ಇದ್ದರೆ ಉಚಿತವಾಗಿ ಪಾಠವನ್ನೂ ಕೊಡಬೇಕು. ಇದಕ್ಕೆ ಆದಾಯ ನೋಡುವುದಿಲ್ಲ. ಬರವಣಿಗೆಯಲ್ಲಿ ಕೇಳಿ. 'ಮನೆಯಲ್ಲಿ ಕನ್ನಡ ಮಾತಾಡುತ್ತೀರಿ, ಅದಕ್ಕೇ ತಡ' ಅಂತ ಯಾರೋ ಹೇಳಿದರೆಂದು ಸುಮ್ನೆ ಕೂರಬೇಡಿ, ಕನ್ನಡವನ್ನೂ ಬಿಡಬೇಡಿ.

ಉಳಿದಂತೆ, ಸೀಟು ಸಿಗುವ ಶಾಲೆಗೆ ಹೋಗಿ ಕ್ಲಾಸ್ ನಡೆಯುವಾಗ ಒಮ್ಮೆ ಒಳಗೆ ಕೂತು ನೋಡಲು ಅನುಮತಿ ಕೇಳಿ. ಮಗಳ ಟಿಕೆ ಟೀಚರನ್ನು ನಾನು ನೋಡಿದ್ದು ಹಾಗೆಯೇ. ಒಬ್ಬ ಹುಡುಗನಿಗೆ ಜಾಕೆಟ್ ಜಿಪ್ ಹಾಕಲು ಬರುತ್ತಿರಲಿಲ್ಲ. ಅವರು ಮೊಣಕಾಲೂರಿ ಕೂತು, ಜಿಪ್ಪಿನ ಕೆಳತುದಿ ಹಿಡಿದುಕೊಂಡು, ಅವನೇ ಮೇಲಕ್ಕೆ ಎಳೆಯುವವರೆಗೆ ಕಾದರು. ಹೊರಗೆ ಆಟಕ್ಕೆ ಹೊರಟ ಸಾಲು ನಿಂತೇ ಇತ್ತು. ಅವರು ಗದರಲಿಲ್ಲ, ಕೈಯಿಂದ ಕಿತ್ತುಕೊಳ್ಳಲಿಲ್ಲ. ಆ ಶಾಲೆಗೆ ವೆಬ್‌ಸೈಟ್ ಕೊಟ್ಟಿದ್ದು ಐದು. ಮಗಳು ಆ ವರ್ಷ ಕಲಿತದ್ದೆಲ್ಲ ಅವರಿಂದಲೇ.

ನಾಳೆಯೇ ಎನ್‌ರೋಲ್‌ಮೆಂಟ್ ಆಫೀಸಿಗೆ ಫೋನ್ ಮಾಡಿ. ಯಾವ ಯಾವ ಶಾಲೆಯಲ್ಲಿ ಟಿಕೆ ಇದೆ, ಎಷ್ಟು ಗಂಟೆಗೆ ಬಿಡುತ್ತಾರೆ, ಆಫ್ಟರ್ ಕೇರ್ ಅದೇ ಆವರಣದಲ್ಲಿದೆಯಾ, ಬೇಸಿಗೆ ರಜೆಯಲ್ಲೂ ಇರುತ್ತದಾ, ಕಿಂಡರ್‌ಗಾರ್ಟನ್‌ಗೆ ಮತ್ತೆ ಶಾಲೆ ಬದಲಿಸಬೇಕಾ, ಇಷ್ಟು ಕೇಳಿ. ಆಫ್ಟರ್ ಕೇರ್ ಸಿಗುವುದಿಲ್ಲ ಎಂದರೆ ಈಗಿರುವ ಪ್ರೀಸ್ಕೂಲಿನಲ್ಲೇ ಬಿಡಿ. ಟಿಕೆ ಕಡ್ಡಾಯ ಅಲ್ಲ, ಇಲ್ಲಿ 6 ವರ್ಷದವರೆಗೆ ಯಾವ ಶಾಲೆಯೂ ಕಡ್ಡಾಯ ಅಲ್ಲ. ಮಗು ಹುಟ್ಟಿದ ತಿಂಗಳು ನೀವು ಬರೆದಿಲ್ಲ. ಸೆಪ್ಟೆಂಬರ್ 1 ದಾಟಿದ್ದರೆ ನಿಮಗೆ ಇನ್ನೂ ಒಂದು ವರ್ಷ ಸಮಯ ಇದೆ.