ಬರದ ಊರಿಗೆ ನೆರೆಯ ಮಾತೇಕೆ?

ಚಿತ್ರದುರ್ಗದ ಓದುಗರೊಬ್ಬರು ಬರೆದಿದ್ದಾರೆ (ಹೆಸರು ಬೇಡ ಎಂದಿದ್ದಾರೆ): “ಚೀನಾದಲ್ಲಿ ಮಾಡುತ್ತಿರುವ ಹಾಗೆ ಊರೇ ಮಳೆನೀರನ್ನು ಹೀರಿಕೊಳ್ಳುವಂತೆ ಕಟ್ಟಬೇಕು ಎಂಬ ಲೇಖನವನ್ನು ನಿಮ್ಮ ಕಳೆದ ಸಂಚಿಕೆಯಲ್ಲಿ ಓದಿದೆ. ಚೀನಾದ ಮಾತು ನಮಗೇಕೆ? ನಮ್ಮದು ಬರದ ಜಿಲ್ಲೆ. ಜೋರು ಮಳೆ ಬಂದಾಗ ನಮ್ಮ ಬೀದಿಗೆ ನೀರು ನುಗ್ಗುವುದು ನಿಜ. ಅದಕ್ಕೊಂದು ದೊಡ್ಡ ಕಾಂಕ್ರೀಟ್ ಚರಂಡಿ ಕಟ್ಟಿದರೆ ಮುಗಿಯಿತಲ್ಲವೇ?”

ಮಾನ್ಯರೇ,

ಮುಗಿಯುವುದಿಲ್ಲ. ನಿಮ್ಮ ಬೀದಿಯಲ್ಲಿ ಮುಗಿದದ್ದು ಕೆಳಗಿನ ಬೀದಿಯಲ್ಲಿ ಶುರುವಾಗುತ್ತದೆ. ಕಾಂಕ್ರೀಟ್ ಚರಂಡಿ ನೀರನ್ನು ಕಡಿಮೆ ಮಾಡುವುದಿಲ್ಲ, ಅದರ ಓಟವನ್ನು ಹೆಚ್ಚಿಸುತ್ತದೆ, ಅಷ್ಟೆ. ಆದರೂ ಊರೂರಿನಲ್ಲಿ ಅದನ್ನೇ ಕಟ್ಟುತ್ತಾರೆ. ಏಕೆಂದರೆ ಕಾಂಕ್ರೀಟನ್ನು ಅಳೆದು ಬಿಲ್ ಬರೆಯಬಹುದು; ಇಂಗಿದ ನೀರಿಗೆ ಯಾವ ಗುತ್ತಿಗೆದಾರನೂ ಬಿಲ್ ಬರೆಯಲಾರ.

‘ಬರದ ಜಿಲ್ಲೆ’ ಎಂದಿರಿ. ನನ್ನ ಪ್ರಕಾರ ನಮ್ಮ ಊರುಗಳಿಗೆ ನೀರು ನುಗ್ಗಲು ಬರವೇ ದೊಡ್ಡ ಕಾರಣ. ವಾಣಿವಿಲಾಸ ಸಾಗರ, ಅಂದರೆ ಮಾರಿಕಣಿವೆ ಜಲಾಶಯವನ್ನೇ ನೋಡಿ. 1933ರಲ್ಲಿ ಕೋಡಿ ಬಿದ್ದ ಮಾರಿಕಣಿವೆ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ನಡುವೆ 89 ವರ್ಷ. ಅಷ್ಟು ಕಾಲ ಕೋಡಿ ನೀರನ್ನೇ ಕಾಣದ ಜನ ಅದರ ಹಾದಿಯನ್ನು ಹೇಗೆ ನೆನಪಿಟ್ಟುಕೊಂಡಾರು? ಊರೊಳಗಿನ ಸಣ್ಣ ಕೆರೆಗಳ ಕಥೆಯೂ ಇದೇ. ನಾಲ್ಕು ವರ್ಷ ಮಳೆ ಕೈಕೊಟ್ಟರೆ ಕೆರೆಯಂಗಳ ಬಯಲಾಗುತ್ತದೆ, ಹಳ್ಳ ಕಾಲುದಾರಿಯಾಗುತ್ತದೆ, ಆಮೇಲೆ ಬಡಾವಣೆಯಾಗುತ್ತದೆ. ಐದನೆಯ ವರ್ಷ ಮಳೆ ತನ್ನ ಹಳೆಯ ವಿಳಾಸ ಹುಡುಕಿಕೊಂಡು ಬಂದರೆ ಅದನ್ನು ‘ಪ್ರಕೃತಿ ವಿಕೋಪ’ ಎಂದು ಕರೆದು ಪರಿಹಾರಕ್ಕೆ ಅರ್ಜಿ ಹಾಕುತ್ತೇವೆ.

ಚೀನಾದ ಬಗ್ಗೆ ನಿಮಗಿರುವ ಅನುಮಾನಕ್ಕೆ ಆಧಾರವಿದೆ. ಅಲ್ಲಿನ ಸರ್ಕಾರ 2015ರಲ್ಲಿ ‘ಸ್ಪಂಜ್ ನಗರ’ ಯೋಜನೆ ಆರಂಭಿಸಿತು. 2030ರೊಳಗೆ ನಗರ ಪ್ರದೇಶದ ಶೇ 80ರಷ್ಟು ಭಾಗ ಮಳೆನೀರಿನ ಶೇ 70ರಷ್ಟನ್ನು ಅಲ್ಲಲ್ಲೇ ಹಿಡಿದಿಡಬೇಕೆಂಬುದು ಗುರಿ. ಇಂಥ ಕಾಮಗಾರಿಗಳಿಗೆ ಅಪಾರ ಹಣ ಸುರಿದಿದ್ದ ಝೆಂಗ್‌ಝೌ ನಗರದಲ್ಲಿ 2021ರ ಜುಲೈ 20ರಂದು ಒಂದೇ ಗಂಟೆಯಲ್ಲಿ 201.9 ಮಿಲಿಮೀಟರ್ ಮಳೆ ಸುರಿಯಿತು. ಮೆಟ್ರೊ ಸುರಂಗದಲ್ಲಿ ಪ್ರಯಾಣಿಕರು ಮುಳುಗಿ ಸತ್ತರು. ಹೀರುವುದಕ್ಕೂ ಒಂದು ಮಿತಿಯಿದೆ. ನಮ್ಮಲ್ಲಂತೂ ಅದು ಇನ್ನೂ ಬೇಗ ಬರುತ್ತದೆ: ಚಿತ್ರದುರ್ಗದ ಬುಡದಲ್ಲಿರುವುದು ಗಟ್ಟಿ ಬಂಡೆ, ಅಲ್ಲಿ ನೀರು ಇಂಗುವುದು ನಿಧಾನ. ಮಿತಿ ದಾಟಿದ ಮೇಲೆ ಮಿಕ್ಕ ನೀರು ಎಲ್ಲಿಗೆ ಹೋಗಬೇಕು ಎಂಬ ಪ್ರಶ್ನೆಗೆ ಉತ್ತರವಿಲ್ಲದ ಯಾವ ಯೋಜನೆಯನ್ನೂ ನಾನು ಒಪ್ಪುವುದಿಲ್ಲ.

ಈ ಪ್ರಶ್ನೆಗೆ ಉತ್ತರ ನಿಮ್ಮ ಮನೆಯ ಹಿಂದಿನ ಬೆಟ್ಟದಲ್ಲೇ ಇದೆ. ಕೋಟೆಗೆ ಹೋದಾಗ ಒನಕೆ ಓಬವ್ವನ ಕಿಂಡಿ ನೋಡಿ ಇಳಿದುಬಿಡಬೇಡಿ; ನೀರಿನ ದಾರಿ ಹಿಡಿದು ಬನ್ನಿ. ಮೇಲಿನ ಗೋಪಾಲಸ್ವಾಮಿ ಹೊಂಡ ತುಂಬಿದರೆ ನೀರು ಅಕ್ಕ-ತಂಗಿಯರ ಹೊಂಡಕ್ಕೆ, ಅಲ್ಲಿಂದ ಸಿಹಿನೀರು ಹೊಂಡಕ್ಕೆ, ಕೊನೆಗೆ ಊರೊಳಗಿನ ಸಂತೆ ಹೊಂಡಕ್ಕೆ. ಬಂಡೆ ನೀರನ್ನು ಕುಡಿಯದು ಎಂದು ಕೋಟೆಯನ್ನಾಳಿದ ನಾಯಕರ ಕಾಲದವರಿಗೆ ಗೊತ್ತಿತ್ತು. ಅದಕ್ಕೇ ಅವರು ಪ್ರತಿ ಹೊಂಡಕ್ಕೂ ಮುಂದಿನದನ್ನು ಜೋಡಿಸಿದರು. ಹಳ್ಳಿಯ ಕೆರೆಗಳ ಸರಣಿಯಲ್ಲೂ ಇದೇ ಲೆಕ್ಕ: ಮೇಲಿನ ಕೆರೆಯ ಕೋಡಿ ನೀರು ಕೆಳಗಿನ ಕೆರೆಗೆ. ಇಂದು ಕೆರೆ ಅಭಿವೃದ್ಧಿ ಎಂದರೆ ಹೂಳೆತ್ತುವುದು, ಏರಿಯ ಮೇಲೆ ನಡಿಗೆ ಪಥ, ಒಂದು ಕಾರಂಜಿ. ಕೋಡಿಯ ಕೆಳಗಿನ ಕಾಲುವೆ ಯಾರ ಅಂದಾಜುಪಟ್ಟಿಗೂ ಬರುವುದಿಲ್ಲ.

ಇನ್ನು ಪ್ರಮಾಣದ ಮಾತು. 30×40 ಅಡಿ ನಿವೇಶನದ ಮೇಲೆ 50 ಮಿಲಿಮೀಟರ್ ಮಳೆ ಬಿದ್ದರೆ ಸುಮಾರು ಐದೂವರೆ ಸಾವಿರ ಲೀಟರ್ ನೀರು. ಅಂಥ ಸಾವಿರ ನಿವೇಶನಗಳಿಂದ 55 ಲಕ್ಷ ಲೀಟರ್, ಅದೂ ಹೆಚ್ಚುಕಡಿಮೆ ಏಕಕಾಲಕ್ಕೆ. ಒಂದು ಎಕರೆ ಮೈದಾನವನ್ನು ಒಂದೇ ಅಡಿ ತಗ್ಗಿಸಿದರೆ ಅದರಲ್ಲಿ ಹನ್ನೆರಡು ಲಕ್ಷ ಲೀಟರ್ ನಿಲ್ಲುತ್ತದೆ. ನೆದರ್ಲೆಂಡ್ಸ್‌ನ ರೋಟರ್‌ಡ್ಯಾಮ್‌ನಲ್ಲಿ 2013ರಿಂದ ಇಂಥದೊಂದು ಚೌಕವಿದೆ. ಒಣ ದಿನಗಳಲ್ಲಿ ಹುಡುಗರು ಅಲ್ಲಿ ಚೆಂಡಾಡುತ್ತಾರೆ, ಮಳೆಗೆ ಅದು ಕೊಳವಾಗುತ್ತದೆ. ನಾವು ಮಾಡುವುದು ಸರಿಯಾಗಿ ಇದಕ್ಕೆ ತದ್ವಿರುದ್ಧ: ಉದ್ಯಾನಕ್ಕೆ ಮಣ್ಣು ತುಂಬಿ ರಸ್ತೆಗಿಂತ ಎತ್ತರಿಸಿ, ಸುತ್ತ ಕಟ್ಟೆ ಕಟ್ಟುತ್ತೇವೆ. ದಾವಣಗೆರೆಯಲ್ಲಾಗಲಿ ಚಿತ್ರದುರ್ಗದಲ್ಲಾಗಲಿ, ಮಳೆ ಬರುವಾಗ ಯಾವುದಾದರೂ ಉದ್ಯಾನದ ಗೇಟಿನಲ್ಲಿ ನಿಂತು ನೋಡಿ, ನೀರು ಹೊರಗಿನಿಂದ ಒಳಗೆ ಹೋಗುತ್ತದೆಯೋ ಒಳಗಿನಿಂದ ಹೊರಗೆ ಬರುತ್ತದೆಯೋ.

ಒಂದು ಎಚ್ಚರಿಕೆ. ಮನೆಗಳ ಕೊಳಚೆ ಮಳೆನೀರಿನ ಚರಂಡಿಗೆ ಸೇರುತ್ತಿರುವವರೆಗೆ ಆ ನೀರನ್ನು ಇಂಗಿಸಬಾರದು, ಮೈದಾನಕ್ಕೂ ಬಿಡಬಾರದು. ಇಂಗಿಸಿದರೆ ಕೊಳವೆಬಾವಿ ಕೆಡುತ್ತದೆ. ಎರಡನ್ನೂ ಬೇರ್ಪಡಿಸುವ ಕೆಲಸ ಮೊದಲು ಆಗಬೇಕು. ಉದ್ಘಾಟನೆಗೆ ಯೋಗ್ಯವಲ್ಲದ ಕೆಲಸವಾದ್ದರಿಂದ ಅದೇ ಕೊನೆಗೆ ಉಳಿಯುತ್ತದೆ.

ನೀವು ಮಾಡಬಹುದಾದದ್ದೂ ಇದೆ. ಭೂಮಾಪನ ಇಲಾಖೆಯಿಂದ ನಿಮ್ಮ ಪ್ರದೇಶದ ಹಳೆಯ ಗ್ರಾಮ ನಕ್ಷೆ ಪಡೆಯಿರಿ. ಅದರಲ್ಲಿ ಹಳ್ಳ, ಕಾಲುವೆಗಳ ಗೆರೆಗಳಿರುತ್ತವೆ; ಪಹಣಿಯಲ್ಲಿ ಬಿ ಖರಾಬು (ಹಳ್ಳ, ದಾರಿಯಂಥ ಸಾರ್ವಜನಿಕ ಬಳಕೆಗೆ ಬಿಟ್ಟ ಜಾಗ) ಎಂದು ನಮೂದಾಗಿರುವುದನ್ನೂ ನೋಡಿ. ಪ್ರಸ್ತಾವಿತ ಚರಂಡಿಯ ನಕ್ಷೆಯನ್ನು ಮಾಹಿತಿ ಹಕ್ಕಿನಲ್ಲಿ ಕೇಳಿ ಪಡೆದು ಪಕ್ಕದಲ್ಲಿಟ್ಟು ಹೋಲಿಸಿ. ಎರಡು ಗೆರೆಗಳು ಎಲ್ಲಿ ಬೇರೆಯಾಗುತ್ತವೆ, ಚರಂಡಿ ಎಲ್ಲಿ ಕೊನೆಯಾಗುತ್ತದೆ, ಅಲ್ಲಿ ಯಾರ ಮನೆಗಳಿವೆ ಎಂದು ಗುರುತು ಮಾಡಿ ನಮಗೆ ಕಳುಹಿಸಿ. ಎರಡೂ ನಕ್ಷೆಗಳನ್ನು ಪಕ್ಕಪಕ್ಕದಲ್ಲಿ ಪ್ರಕಟಿಸುತ್ತೇವೆ.

– ಸಂಪಾದಕ