ಮಳೆಗಾಲಕ್ಕೆ ನಿಲ್ಲಿಸುವ ವ್ಯಾನಿಗೆ ಟರ್ಪಾಲು ಸುತ್ತಬಹುದೇ?

ಪ್ರಶ್ನೆ: ಹಳೆಯ ಟೆಂಪೋ ಟ್ರಾವೆಲರ್ ಕೊಂಡು ಮಂಚ, ಸಣ್ಣ ಫ್ರಿಜ್, ಗ್ಯಾಸ್ ಒಲೆ ಕೂರಿಸಿ ಮಲಗುವ ಗಾಡಿ ಮಾಡಿಸಿದ್ದೇವೆ. ಮಳೆಗಾಲವಿಡೀ ಅದು ಮನೆಯ ಹಿಂದಿನ ತೆಂಗಿನ ತೋಟದಲ್ಲಿ ನಿಂತಿರುತ್ತದೆ. ಅಮೆರಿಕದ ಮಿನ್ನೆಸೋಟದಲ್ಲಿರುವ ಮಗ ಚಳಿಗಾಲದಲ್ಲಿ ತನ್ನ ಗಾಡಿಗೆ ಹಿಮ ತಾಗದಂತೆ ಪೂರ್ತಿ ಹೊದಿಕೆ ಹಾಕುತ್ತಾನಂತೆ. ನೀವೂ ಹಾಗೆಯೇ ಮಾಡಿ ಎನ್ನುತ್ತಾನೆ. ನೀಲಿ ಟರ್ಪಾಲು ಸುತ್ತಿ ಬಿಗಿಯಾಗಿ ಕಟ್ಟಿದರೆ ಸಾಕೇ?
– ಓದುಗರೊಬ್ಬರು, ಕಾಪು

ಉತ್ತರ: ಮಗ ಹೇಳಿದ್ದು ಅವನ ಊರಿಗೆ ಸರಿ, ಕಾಪುವಿಗಲ್ಲ. ಅಲ್ಲಿ ಕಾಟ ಕೊಡುವುದು ಭಾರ ಮತ್ತು ಮಂಜುಗಡ್ಡೆ. ಮಾಡಿನ ಮೇಲೆ ಕೂತ ಹಿಮ ಅರೆಬರೆ ಕರಗಿ, ಸಂದಿಗೆ ಇಳಿದು, ಮತ್ತೆ ಗಟ್ಟಿಯಾದಾಗ ಜೋಡಣೆಗಳು ಬಾಯಿಬಿಡುತ್ತವೆ. ನೀರು ಹೆಪ್ಪುಗಟ್ಟುವಾಗ ಸುಮಾರು ಶೇ. 9ರಷ್ಟು ಹಿಗ್ಗುತ್ತದೆ, ಕೊಳವೆಯಲ್ಲಿ ಉಳಿದಿದ್ದರೆ ಕೊಳವೆಯನ್ನೇ ಸೀಳುತ್ತದೆ. ಅದಕ್ಕಾಗಿಯೇ ಅವರು ಟ್ಯಾಂಕು ಬರಿದು ಮಾಡಿ, ಕೊಳವೆಗಳಿಗೆ ಹೆಪ್ಪುಗಟ್ಟದ ಗುಲಾಬಿ ಬಣ್ಣದ ದ್ರಾವಣ ಹಾಯಿಸುತ್ತಾರೆ. ಅಲ್ಲಿಯ ಚಳಿಗಾಲದ ಗಾಳಿ ಮಾತ್ರ ಒಣ. ನಮ್ಮಲ್ಲಿ ವರ್ಷಕ್ಕೆ 4,000 ಮಿ.ಮೀ. ಆಸುಪಾಸಿನ ಮಳೆ, ಅದರಲ್ಲಿ ಬಹುಪಾಲು ನಾಲ್ಕೇ ತಿಂಗಳಲ್ಲಿ. ಮೇಲಿನಿಂದ ಬಿದ್ದ ನೀರು ಹೇಗೋ ಹರಿದುಹೋಗುತ್ತದೆ. ಗಾಡಿಯನ್ನು ಕೆಡಿಸುವುದು ನೆಲದಿಂದ ಏಳುವ ತೇವ.

ಟರ್ಪಾಲನ್ನು ಬಿಗಿದು ಕಟ್ಟಿದಿರೋ, ಆ ತೇವಕ್ಕೆ ಹೊರಗೆ ಹೋಗಲು ದಾರಿಯೇ ಇಲ್ಲ. ಹಾಗೆ ಕಟ್ಟಿಟ್ಟ ಗಾಡಿಯ ಬಾಗಿಲನ್ನು ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್) ತೆರೆದು ನೋಡಬೇಕು: ಹಾಸಿಗೆಯಡಿಯ ಪ್ಲೈವುಡ್ ಉಬ್ಬಿ ಪದರ ಬಿಟ್ಟಿರುತ್ತದೆ, ಸ್ಟಿಯರಿಂಗಿನ ಮೇಲೆ ಕೈಯಿಟ್ಟರೆ ಬೆರಳಿಗೆ ಬೂದುಹಸಿರು ಬೂಸ್ಟು ಅಂಟುತ್ತದೆ. ಇನ್ನು ಗಾಳಿಗೆ ಪಟಪಟ ಬಡಿಯುವ ಟರ್ಪಾಲಿನ ಅಂಚು ಬಣ್ಣವನ್ನು ಉಜ್ಜಿ ತೆಗೆಯುತ್ತದೆ, ಬಣ್ಣ ಹೋದಲ್ಲಿ ಕಡಲಿನ ಉಪ್ಪುಗಾಳಿ ಉಳಿದ ಕೆಲಸ ಮುಗಿಸುತ್ತದೆ. ಅಮೆರಿಕದಿಂದ ಹೊದಿಕೆ ತರಿಸುವ ಯೋಚನೆಯಿದ್ದರೆ ಅದೂ ಬೇಡ. ಗಾಳಿಯಾಡುವ ಆ ಬಟ್ಟೆ ನಮ್ಮ ಮಳೆಗೆ ಒಮ್ಮೆ ನೆನೆದರೆ ಒಣಗುವುದು ಸೆಪ್ಟೆಂಬರಿಗೇ.

ಆ ದುಡ್ಡಿನಲ್ಲಿ ಒಂದು ಚಪ್ಪರ ಹಾಕಿಸಿ. ಕಬ್ಬಿಣದ ಪೈಪು, ಮೇಲೆ ಶೀಟು, ಗಾಡಿಗಿಂತ ಎರಡಡಿಯಾದರೂ ಎತ್ತರ. ನೀಲಿ ಟರ್ಪಾಲಿಗೂ ಕೆಲಸವಿದೆ: ಎರಚಲು ಬಡಿಯುವ ಪಡುವಣ ದಿಕ್ಕಿಗೆ ಅದನ್ನು ಪರದೆಯಂತೆ ಇಳಿಬಿಡಿ, ಉಳಿದ ಮೂರು ಕಡೆ ತೆರೆದೇ ಇರಲಿ. ನೆಲಕ್ಕೆ ಮುರಕಲ್ಲು ಅಥವಾ ಜಲ್ಲಿ ಹಾಕಿಸಿ. ತೆಂಗಿನ ಮರದಡಿಯಂತೂ ಬೇಡವೇ ಬೇಡ. ಶೀಟಿದ್ದರೂ ಅಷ್ಟೇ, ಒಣಗಿದ ಮಡಲು ಬಿದ್ದರೆ ಹೇಗೋ ತಡೆದೀತು, ಬಲಿತ ಕಾಯಿ ಶೀಟು ಒಡೆದು ಕೆಳಗಿನ ಗಾಜಿಗೇ ಬರುತ್ತದೆ.

ಮೇ ಕೊನೆಯ ಹೊತ್ತಿಗೆ ಬರುವ ಪತ್ತನಾಜೆಗೆ ಯಕ್ಷಗಾನ ಮೇಳಗಳು ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚುತ್ತವಲ್ಲ, ನೀವೂ ಆ ಹೊತ್ತಿಗೇ ಕೆಲಸ ಶುರುಮಾಡಿ. ಮಳೆ ಹಿಡಿದ ಮೇಲೆ ಒಣಗಿಸಲು ಬಿಸಿಲು ಎಲ್ಲಿಂದ ತರುತ್ತೀರಿ? ಗಾಡಿಯ ಅಡಿಭಾಗವನ್ನು ಸಿಹಿನೀರಿನಲ್ಲಿ ತೊಳೆದು ಉಪ್ಪು ತೆಗೆಯಿರಿ. ಹಾಸಿಗೆ, ಪರದೆಗಳನ್ನು ಮನೆಯೊಳಗೆ ತನ್ನಿ, ಸಿಲಿಂಡರನ್ನೂ ಇಳಿಸಿ. ಫ್ರಿಜ್ಜಿನ ಬಾಗಿಲ ಸಂದಿಗೆ ಬಟ್ಟೆಯ ಸುರುಳಿ ಸಿಕ್ಕಿಸಿ, ಮುಚ್ಚಿಕೊಳ್ಳಬಾರದು. ಎದುರುಬದುರಿನ ಎರಡು ಕಿಟಕಿಗಳನ್ನು ಬೆರಳಗಲ ತೆರೆದು ಜಾಲರಿ ಹಾಕಿ. ಹ್ಯಾಂಡ್ ಬ್ರೇಕ್ ಎಳೆದಿಟ್ಟರೆ ತಿಂಗಳೊಪ್ಪತ್ತಿನಲ್ಲಿ ತುಕ್ಕು ಹಿಡಿದು ಕಚ್ಚಿಕೊಳ್ಳುತ್ತದೆ. ಗೇರಿನಲ್ಲಿ ನಿಲ್ಲಿಸಿ ಚಕ್ರಕ್ಕೆ ಮರದ ತುಂಡು ಕೊಡಿ.

ವಾರಕ್ಕೊಮ್ಮೆ ನಿಂತಲ್ಲೇ ಐದು ನಿಮಿಷ ಇಂಜಿನ್ ಓಡಿಸುವ ಪದ್ಧತಿ ನಮ್ಮಲ್ಲಿ ಬಹಳ ಜನರಿಗಿದೆ. ನನಗದು ಸರಿ ಕಾಣುವುದಿಲ್ಲ. ಇಂಜಿನ್ ಪೂರ್ತಿ ಬಿಸಿಯಾಗದೆ ಸೈಲೆನ್ಸರಿನಲ್ಲಿ ನೀರು ನಿಲ್ಲುತ್ತದೆ, ಬ್ಯಾಟರಿಯೂ ತುಂಬುವುದಿಲ್ಲ. ಮಳೆ ಹೊಳವಾದ ದಿನ ಅರ್ಧ ಗಂಟೆ ರಸ್ತೆಗಿಳಿಸಿ, ಆಗದಿದ್ದರೆ ಬ್ಯಾಟರಿಯ ನೆಗೆಟಿವ್ ತಂತಿ ಕಳಚಿ ತಿಂಗಳಿಗೊಮ್ಮೆ ಚಾರ್ಜ್ ಮಾಡಿಸಿ. ಎರಡರಲ್ಲಿ ಯಾವುದನ್ನು ಮಾಡಿದರೂ ಕೀಲಿ ತಿರುಗಿಸುವ ಮೊದಲು ಬಾನೆಟ್ ಎತ್ತಿ ನೋಡಿ. ತೋಟದ ಇಲಿಗೆ ಮಳೆಗಾಲದಲ್ಲಿ ಅದಕ್ಕಿಂತ ಬೆಚ್ಚಗಿನ ಜಾಗ ಸಿಗುವುದಿಲ್ಲ, ವಯರು ಕಡಿಯದ ಇಲಿಯನ್ನು ನಾನಂತೂ ಕಂಡಿಲ್ಲ.